ನಮ್ಮವನೋ, ಬಲ್ಲವನೋ?

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಅಂಗಡಿಯ ಜಗಲಿಗೆ ಎಲ್ಲಿಲ್ಲದ ಕಳೆ ಬರುತ್ತದೆ. ಅಡಿಕೆ ತಂದವರು ತೂಕವಾಗಿ ಚೀಟಿ ಕೈಗೆ ಬಂದ ಮೇಲೂ ಏಳುವುದಿಲ್ಲ. ಬೆಲ್ಲ ನೀರು ಕುಡಿಯುತ್ತಾ, ಎಲೆಗೆ ಸುಣ್ಣ ಸವರುತ್ತಾ, ಯಾರು ಗೆಲ್ಲುತ್ತಾರೆ, ಯಾರು ಠೇವಣಿ ಕಳೆದುಕೊಳ್ಳುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. ಮೊನ್ನೆ ಹೀಗೆಯೇ ಮಾತು ನಡೆದಿದ್ದಾಗ ನನ್ನ ಸೋದರಳಿಯ ಒಂದು ಮಾತು ಹೇಳಿದ. "ಮಾವಾ, ಅವರು ನಮ್ಮ ಮನೆಯವರ ಹಾಗೆ. ಗೃಹಪ್ರವೇಶಕ್ಕೆ ಬಂದು ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಊಟ ಮಾಡಿದರು. ಆ ಇನ್ನೊಬ್ಬರು ಓದಿದವರು, ಇರಬಹುದು. ಆದರೆ ಮುಖ ನೋಡಿದರೆ ಮಾತಾಡಿಸಬೇಕು ಅನ್ನಿಸುವುದಿಲ್ಲ."

ಜಗಲಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ನಾನು ಮಾತ್ರ ಸುಮ್ಮನೆ ತಕ್ಕಡಿಯ ಕಡೆ ನೋಡಿದೆ. ಏಕೆಂದರೆ 2015ರ ಪಂಚಾಯತಿ ಚುನಾವಣೆಯಲ್ಲಿ ಇದೇ ಮಾತನ್ನು ಇದೇ ಜಗಲಿಯ ಮೇಲೆ ಕೂತು ನಾನೇ ಹೇಳಿದ್ದೆ. ಹೇಳಿದ್ದಷ್ಟೇ ಅಲ್ಲ, ನಮ್ಮ ಮನೆ, ತಮ್ಮಂದಿರ ಮನೆ, ಬೀಗರ ಮನೆ ಎಂದು ಲೆಕ್ಕ ಹಾಕಿ ಇಪ್ಪತ್ತಕ್ಕೂ ಹೆಚ್ಚು ಮತ ಹಾಕಿಸಿದ್ದೆ. ಅದರ ಫಲವನ್ನು ಉಂಡವನೂ ನಾನೇ. ಆ ಕಥೆಯನ್ನು ಇದುವರೆಗೆ ಬರೆದಿರಲಿಲ್ಲ. ಈ ತಿಂಗಳು ಬರೆದುಬಿಡುತ್ತೇನೆ.

ನಮ್ಮ ಉಗ್ರಾಣದ ಹಿಂದೆ ಒಂದು ತೋಡು ಹರಿಯುತ್ತದೆ. ಅದು ರಸ್ತೆ ದಾಟುವಲ್ಲಿ ಹಳೆಯ ಕಾಲದ ಒಂದು ಮೋರಿ. ಅಜ್ಜನ ಕಾಲದಲ್ಲಿ ಎತ್ತಿನ ಗಾಡಿಗೆ ಕಟ್ಟಿಸಿದ ಮೋರಿಯ ಮೇಲೆ ಈಗ ಲಾರಿಗಳು ಓಡುತ್ತವೆ, ಕೆಳಗೆ ಕಲ್ಲು ಕುಸಿದು ಬಾಯಿ ಅರ್ಧ ಮುಚ್ಚಿದೆ. ಆಷಾಢದ ಮಳೆ ಎರಡು ದಿನ ಬಿಡದೆ ಹೊಡೆದರೆ ನೀರು ಹಿಂದಕ್ಕೆ ತಿರುಗಿ ಉಗ್ರಾಣದ ಹೊಸ್ತಿಲಿಗೆ ಬರುತ್ತದೆ. ಚಾಲಿ ಅಡಿಕೆಯ ಮೂಟೆಗೆ ಒಮ್ಮೆ ಕೆಳಗಿನಿಂದ ತೇವ ಏರಿತೆಂದರೆ ಮುಗಿಯಿತು, ಎಂಟು ದಿನದಲ್ಲಿ ಬೂಷ್ಟು. ಅಡಿಕೆ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರು ಜವಳಿ ಅಂಗಡಿಯ ಅಟ್ಟದಲ್ಲಿ ಗೆದ್ದಲು ಬಿದ್ದದ್ದನ್ನು ನೆನೆಸಿಕೊಂಡರೆ ಸಾಕು.

2015ರಲ್ಲಿ ನಮ್ಮ ವಾರ್ಡಿಗೆ ಇಬ್ಬರು ನಿಂತಿದ್ದರು. ಒಬ್ಬಾತ ನಮ್ಮವ. ಜಾತಿಯಿಂದ ನಮ್ಮವನಲ್ಲದಿದ್ದರೂ ಮನೆಯಿಂದ ನಮ್ಮವ. ಕನ್ನಡ, ತುಳು ಎರಡೂ ಬಲ್ಲವ. ಮದುವೆಗೆ ಚಪ್ಪರ ಹಾಕುವಲ್ಲಿಂದ ಎಲೆ ಎತ್ತುವವರೆಗೆ ಇರುವವ. ನನ್ನ ತಂದೆ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟವ. ಇನ್ನೊಬ್ಬರು ನಿವೃತ್ತ ಶಾಲಾ ಶಿಕ್ಷಕಿ. ಮನೆಮಾತು ಮಲಯಾಳ, ಕನ್ನಡ ಅಷ್ಟಕ್ಕಷ್ಟೆ. ಮತ ಕೇಳಲು ಬಂದಾಗ ಒಳಗೆ ಕರೆದರೂ ಕೂರಲಿಲ್ಲ, ಕಾಫಿ ಬೇಡವೆಂದರು, ಮೋರಿಯನ್ನು ಬಗ್ಗಿ ನೋಡಿ ಏನೋ ಬರೆದುಕೊಂಡು ಹೋದರು. "ದೊಡ್ಡ ಜಂಭ" ಎಂದಿತು ನಮ್ಮ ಮನೆ. ಅವರು ಸೋತರು. ಅಂತರ ದೊಡ್ಡದಿರಲಿಲ್ಲ. ನಾನು ಹಾಕಿಸಿದ ಮತಗಳು ಆಚೆ ಬಿದ್ದಿದ್ದರೆ ಫಲಿತಾಂಶ ಬೇರೆಯೇ ಆಗುತ್ತಿತ್ತು.

ಮುಂದಿನ ಐದು ವರ್ಷದಲ್ಲಿ ಮೋರಿ ಆಗಲಿಲ್ಲ. ನಮ್ಮವ ಕೆಟ್ಟವನಲ್ಲ, ಒಂದು ಪೈಸೆ ತಿಂದವನೂ ಅಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. ಕೇಳಿದಾಗಲೆಲ್ಲ "ಆಗುತ್ತದೆ ಅಣ್ಣಾ, ನಾನಿದ್ದೇನಲ್ಲ" ಎನ್ನುತ್ತಿದ್ದ. ಆದರೆ ಪಂಚಾಯತಿಯಲ್ಲಿ ಕೆಲಸ ಆಗುವ ದಾರಿ ಅವನಿಗೆ ಗೊತ್ತಿರಲಿಲ್ಲ. ಕೇರಳದಲ್ಲಿ 1996ರ ಜನಕೀಯ ಯೋಜನೆಯ ನಂತರ ಹಣವೇನೋ ಪಂಚಾಯತಿಗೆ ಬರುತ್ತದೆ. ಆದರೆ ಬೇಡಿಕೆ ಗ್ರಾಮಸಭೆಯಲ್ಲಿ ದಾಖಲಾಗಬೇಕು, ವಾರ್ಷಿಕ ಯೋಜನೆಯೊಳಗೆ ಸೇರಬೇಕು, ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು, ಇಂಜಿನಿಯರು ಅಂದಾಜು ಮಾಡಬೇಕು, ಟೆಂಡರು ಆಗಬೇಕು, ಮಾರ್ಚ್ 31ರೊಳಗೆ ಬಿಲ್ಲು ಪಾಸಾಗಬೇಕು. ಮೂರನೆಯ ವರ್ಷ ಹೇಗೋ ನಮ್ಮ ಮೋರಿಯ ಹೆಸರು ಪಟ್ಟಿಗೆ ಬಂತು. ಅಂದಾಜು ಪತ್ರ ಯಾರದೋ ಮೇಜಿನ ಮೇಲೆ ಮಲಗಿತು, ಅದನ್ನು ಎಬ್ಬಿಸಬೇಕೆಂದು ಇವನಿಗೆ ತಿಳಿಯಲಿಲ್ಲ. ಮಾರ್ಚ್ ಮುಗಿಯಿತು, ಹಣ ಹೋಯಿತು. ಆ ಮಳೆಗಾಲದಲ್ಲಿ ನನ್ನ ಉಗ್ರಾಣದಲ್ಲಿ ನಷ್ಟವಾದದ್ದು ಎಷ್ಟೆಂದು ಬರೆದರೆ ಮನೆಯಾಕೆಗೆ ಇವತ್ತು ಮೊದಲ ಬಾರಿಗೆ ತಿಳಿಯುತ್ತದೆ. ಆದ್ದರಿಂದ ಬರೆಯುವುದಿಲ್ಲ.

ಆ ನಷ್ಟದ ರಾತ್ರಿ ಒದ್ದೆ ಮೂಟೆಗಳ ನಡುವೆ ಕೂತಿದ್ದಾಗ ತಂದೆಯವರು ನೆನಪಾದರು. ಅವರು ಅಕ್ಕಿ ವ್ಯಾಪಾರಿ. ರಾಜಕೀಯದ ಮಾತು ಬಂದರೆ ಎರಡೇ ಹೆಸರು ಹೇಳುತ್ತಿದ್ದರು: ರಾಜಾಜಿ ಮತ್ತು ಕಾಮರಾಜ್. ಈ ಪತ್ರಿಕೆಯ ಓದುಗರಲ್ಲಿ ಬಹಳ ಮಂದಿಯ ಹಿರಿಯರು ಆ ಇಬ್ಬರನ್ನು ಕಂಡವರೇ ಇರಬೇಕು. ಏಕೆಂದರೆ ಈಗ ನಾವು ಮೂರು ರಾಜ್ಯಗಳಲ್ಲಿ ಚದುರಿ ಹೋಗಿದ್ದರೂ ಆಗ ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಮಡಕಶಿರಾ ಎಲ್ಲವೂ ಒಂದೇ ಮದ್ರಾಸ್ ರಾಜ್ಯದಲ್ಲಿದ್ದವು. ಆದವಾನಿ, ರಾಯದುರ್ಗಗಳು ಮಡಕಶಿರಾದೊಂದಿಗೆ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಹೋದವು, ನಾವು ಮತ್ತು ವಯನಾಡಿನವರು 1956ರ ನವೆಂಬರ್ 1ರಂದು ಕೇರಳಕ್ಕೆ ಬಂದೆವು. ಅದಕ್ಕೆ ಮುಂಚೆ ನಮಗೆಲ್ಲ ಒಬ್ಬನೇ ಮುಖ್ಯಮಂತ್ರಿ.

ರಾಜಾಜಿಯವರು ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ, 1878ರಲ್ಲಿ. ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿ, ಸೇಲಂನಲ್ಲಿ ವಕೀಲಿ ಮಾಡಿ ಹೆಸರು ಗಳಿಸಿದವರು. ಬಲ್ಲವರು ಎಂಬ ಮಾತಿಗೆ ಅವರಿಗಿಂತ ದೊಡ್ಡ ಉದಾಹರಣೆ ಹುಡುಕುವುದು ಕಷ್ಟ. 1937ರಲ್ಲಿ ಮೊದಲ ಬಾರಿಗೆ ಮದ್ರಾಸಿನ ಆಡಳಿತ ಹಿಡಿದಾಗ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದರು. ಅದರಿಂದ ಖಜಾನೆಗೆ ಬಿದ್ದ ಕೊರತೆಯನ್ನು ತುಂಬಲು 1939ರಲ್ಲಿ ದೇಶದಲ್ಲಿಯೇ ಮೊದಲ ಬಾರಿಗೆ ಸಾಮಾನ್ಯ ಮಾರಾಟ ತೆರಿಗೆ ಹಾಕಿದವರೂ ಅವರೇ. ನಮ್ಮ ಅಂಗಡಿಯ ಹಳೆಯ ಖಾತೆ ಪುಸ್ತಕಗಳಲ್ಲಿ ಆ ವರ್ಷದಿಂದ ಒಂದು ಹೊಸ ಕಾಲಂ ಶುರುವಾಗುತ್ತದೆ. ಅಜ್ಜ ಅದಕ್ಕೆ ಏನೆಂದು ಶೀರ್ಷಿಕೆ ಬರೆದಿದ್ದಾರೆಂಬುದನ್ನು ಮರ್ಯಾದಸ್ಥರ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ.

1952ರ ಮೊದಲ ಮಹಾಚುನಾವಣೆಯಲ್ಲಿ ಮದ್ರಾಸ್ ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು 152. ಸರಕಾರ ರಚಿಸುವ ದಾರಿ ಕಾಣದಾದಾಗ ಗವರ್ನರ್ ಜನರಲ್ ಆಗಿ ನಿವೃತ್ತರಾಗಿದ್ದ ರಾಜಾಜಿಯವರನ್ನು ಕರೆತಂದರು. ಅವರು ಚುನಾವಣೆಗೆ ನಿಂತವರಲ್ಲ, ನಿಲ್ಲಲೂ ಒಪ್ಪಲಿಲ್ಲ. ರಾಜ್ಯಪಾಲರು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು, ಅಲ್ಲಿಂದ ಮುಖ್ಯಮಂತ್ರಿಯಾದರು. ಬಂದವರೇ ಜೂನ್ ತಿಂಗಳಲ್ಲಿ ಯುದ್ಧಕಾಲದಿಂದ ಜಗ್ಗಿಕೊಂಡು ಬಂದಿದ್ದ ಅಕ್ಕಿಯ ರೇಷನ್ನು, ನಿರ್ಬಂಧಗಳನ್ನು ತೆಗೆದುಹಾಕಿದರು. ಎಲ್ಲರೂ ಹೆದರಿದ್ದರು, ಬೆಲೆ ಆಕಾಶಕ್ಕೇರುತ್ತದೆಂದು. ಹಾಗಾಗಲಿಲ್ಲ. ಬಚ್ಚಿಟ್ಟ ಅಕ್ಕಿ ಪೇಟೆಗೆ ಬಂತು. "ಮೂವತ್ತೊಂಬತ್ತರಲ್ಲಿ ತೆಗೆದುಕೊಂಡದ್ದನ್ನು ಐವತ್ತೆರಡರಲ್ಲಿ ಬಡ್ಡಿ ಸಮೇತ ಕೊಟ್ಟ" ಎನ್ನುತ್ತಿದ್ದರು ತಂದೆ. ಧಾನ್ಯದ ವ್ಯಾಪಾರ ಬಲ್ಲವರಿಗೆ ಆ ನಿರ್ಧಾರದ ಹಿಂದಿನ ಧೈರ್ಯ, ಲೆಕ್ಕ ಎರಡೂ ಅರ್ಥವಾಗುತ್ತವೆ.

ಮರುವರ್ಷ ಅದೇ ಬುದ್ಧಿ ಎಡವಿತು. ರಾಜ್ಯದಲ್ಲಿ ಲಕ್ಷಾಂತರ ಮಕ್ಕಳು ಶಾಲೆಯ ಹೊರಗಿದ್ದರು, ಹೊಸ ಶಾಲೆ ಕಟ್ಟಲು, ಶಿಕ್ಷಕರನ್ನು ನೇಮಿಸಲು ಹಣವಿರಲಿಲ್ಲ. ರಾಜಾಜಿಯವರು 1953ರಲ್ಲಿ ಹಳ್ಳಿಗಾಡಿನ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ದಿನಕ್ಕೆ ಎರಡು ಪಾಳಿ, ಒಂದು ಮಗುವಿಗೆ ಮೂರು ಗಂಟೆ ಪಾಠ. ಅದೇ ಕಟ್ಟಡ, ಅದೇ ಶಿಕ್ಷಕ, ಮಕ್ಕಳು ಮಾತ್ರ ಇಮ್ಮಡಿ. ಉಳಿದ ಹೊತ್ತು ಮಗು ತಂದೆಯ ಕಸುಬು ಕಲಿಯಲಿ. ಕಾಗದದ ಮೇಲೆ ನೋಡಿ, ಒಂದು ತಪ್ಪು ಸಿಗುವುದಿಲ್ಲ. ನಮ್ಮ ವರ್ತಕರ ಮನೆಗಳಲ್ಲಿ ಇದು ಹೊಸದೂ ಅಲ್ಲ. ಬೆಳಿಗ್ಗೆ ಶಾಲೆ, ಸಂಜೆ ಗಲ್ಲಾಪೆಟ್ಟಿಗೆ ಎಂದೇ ನಾವೆಲ್ಲ ಬೆಳೆದವರು. ಆದರೆ ತಂದೆಯ ಕಸುಬು ಎಂದರೆ ನಮಗೆ ಗಾದಿಯ ಮೇಲೆ ಕೂರುವುದು. ತೋಟಿಯ ಮಗನಿಗೆ, ಚಮ್ಮಾರನ ಮಗನಿಗೆ, ಜೀತದಾಳಿನ ಮಗನಿಗೆ ಅದರ ಅರ್ಥವೇನು? ಯಾವುದರಿಂದ ತಪ್ಪಿಸಿಕೊಳ್ಳಲೆಂದು ಮಗುವನ್ನು ಶಾಲೆಗೆ ಕಳಿಸಿದ್ದರೋ ಅದಕ್ಕೇ ಮಧ್ಯಾಹ್ನದ ನಂತರ ಹಿಂದಿರುಗು ಎಂದ ಹಾಗಾಯಿತು. ಜನರು ಅದಕ್ಕೆ ಕುಲಕಸುಬಿನ ಶಿಕ್ಷಣ ಎಂದು ಹೆಸರಿಟ್ಟರು. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಬೀದಿಗಿಳಿದರು, ಕಾಂಗ್ರೆಸ್ಸಿನೊಳಗೇ ವಿರೋಧ ಎದ್ದಿತು. 1954ರ ವಸಂತದಲ್ಲಿ ರಾಜಾಜಿಯವರು ಆರೋಗ್ಯದ ಕಾರಣ ಹೇಳಿ ಇಳಿದರು.

ಆ ದೊಡ್ಡ ಮನುಷ್ಯರಲ್ಲಿ ದುರುದ್ದೇಶವಿತ್ತೆಂದು ನಾನು ನಂಬುವುದಿಲ್ಲ. ಅವರಿಗೆ ಒಂದು ಸಂಗತಿ ತಿಳಿದಿರಲಿಲ್ಲ, ತಿಳಿದವರನ್ನು ಅವರು ಕೇಳಲೂ ಇಲ್ಲ. ಮತ ಕೇಳಲು ಹಳ್ಳಿ ಹಳ್ಳಿ ಅಲೆದಿದ್ದರೆ ಯಾವನಾದರೂ ಬಡವ ಹೇಳುತ್ತಿದ್ದನೋ ಏನೋ.

ಅವರ ಜಾಗಕ್ಕೆ ಬಂದವರು ಕಾಮರಾಜ್. ವಿರುದುನಗರದ ವ್ಯಾಪಾರಿ ಸಮುದಾಯದವರು, ತಂದೆ ತೆಂಗಿನಕಾಯಿ ವ್ಯಾಪಾರಿ. ಅವರು ಓದಿದ ಕ್ಷತ್ರಿಯ ವಿದ್ಯಾಶಾಲೆ ಆ ಸಮಾಜದ ಮನೆಮನೆಯವರು ದಿನವೂ ತೆಗೆದಿಟ್ಟ ಹಿಡಿ ಅಕ್ಕಿಯಿಂದ ನಡೆದದ್ದು ಎಂದರೆ ನಮ್ಮ ಸಮಾಜದ ಹಿರಿಯರಿಗೆ ಖುಷಿಯಾದೀತು. ತಂದೆ ಬೇಗ ತೀರಿಕೊಂಡರು, ಹುಡುಗನ ಓದು ನಿಂತಿತು, ಸೋದರಮಾವನ ಅಂಗಡಿಯಲ್ಲಿ ಕೆಲಸ. ಆಮೇಲೆ ಸ್ವಾತಂತ್ರ್ಯ ಹೋರಾಟ, ಎಲ್ಲ ಸೇರಿ ಸುಮಾರು ಒಂಬತ್ತು ವರ್ಷ ಸೆರೆಮನೆ. ಮದುವೆಯಾಗಲಿಲ್ಲ. ಇಂಗ್ಲಿಷ್ ಭಾಷಣ ಬಾರದು. ಕಪ್ಪು ಮೈಬಣ್ಣ, ದಪ್ಪ ಖಾದಿ, ಹಳ್ಳಿಯ ತಮಿಳು. ಬೀದಿಯಲ್ಲಿ ಹೋಗುವ ಯಾವನೇ ಆದರೂ "ಇವನು ನಮ್ಮವ" ಎನ್ನಬೇಕು, ಅಂಥ ಮನುಷ್ಯ.

ಬಹುಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ: ನೋಡಿ, ಓದಿದವ ಸೋತ, ನಮ್ಮವ ಗೆದ್ದ ಎಂದು. ನನ್ನ ಸೋದರಳಿಯ ಓದಿದ್ದರೆ ಅವನೂ ಹಾಗೆಯೇ ಹೇಳುತ್ತಿದ್ದ. ಆದರೆ ಕಾಮರಾಜ್ ಮಾಡಿದ್ದೇನು ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು. ಆಗ ಅವರು ವಿಧಾನಸಭೆಯ ಸದಸ್ಯರಲ್ಲ. ಮೇಲ್ಮನೆಯ ಸುಲಭದ ದಾರಿ ಬಿಟ್ಟು ಗುಡಿಯಾತ್ತಂ ಉಪಚುನಾವಣೆಗೆ ನಿಂತು ಗೆದ್ದು ಬಂದರು. ನಾಯಕ ಪದವಿಗೆ ತಮ್ಮ ಎದುರು ನಿಂತು ಸೋತಿದ್ದವರು ಸಿ. ಸುಬ್ರಹ್ಮಣ್ಯಂ, ಅವರ ಬೆನ್ನಿಗಿದ್ದವರು ಭಕ್ತವತ್ಸಲಂ. ಇಬ್ಬರನ್ನೂ ಮಂತ್ರಿ ಮಾಡಿದರು. ಶಿಕ್ಷಣ, ಹಣಕಾಸುಗಳನ್ನು ಸುಬ್ರಹ್ಮಣ್ಯಂ ಅವರ ಕೈಗೆ ಕೊಟ್ಟರು. ಮುಂದೆ ದೇಶದ ಆಹಾರ ಮಂತ್ರಿಯಾಗಿ ಹಸಿರು ಕ್ರಾಂತಿಗೆ ಅಡಿಪಾಯ ಹಾಕಿದ್ದು ಇದೇ ಸುಬ್ರಹ್ಮಣ್ಯಂ. ಶಿಕ್ಷಣ ಇಲಾಖೆಗೆ ನಿರ್ದೇಶಕರಾಗಿ ಸುಂದರವಡಿವೇಲು ಎಂಬ ಗಟ್ಟಿ ಅಧಿಕಾರಿ ಬಂದರು. ಅರೆಹೊತ್ತಿನ ಶಾಲೆಯನ್ನು ರದ್ದು ಮಾಡಿದ್ದಷ್ಟೇ ಅಲ್ಲ, ಶಾಲೆಯಿಲ್ಲದ ಹಳ್ಳಿಗಳನ್ನು ಹುಡುಕಿ ಶಾಲೆ ತೆರೆದರು. 1956ರಲ್ಲಿ ಮಧ್ಯಾಹ್ನದ ಊಟ ಶುರುವಾಯಿತು. ದನ ಕಾಯುವ ಹುಡುಗನೊಬ್ಬನನ್ನು "ಶಾಲೆಗೆ ಏಕೆ ಹೋಗಲಿಲ್ಲ" ಎಂದು ಕೇಳಿದ್ದಕ್ಕೆ "ಹೋದರೆ ಊಟ ಯಾರು ಕೊಡುತ್ತಾರೆ" ಎಂದನಂತೆ ಎಂಬ ಕಥೆ ತಮಿಳುನಾಡಿನಲ್ಲಿ ಇಂದಿಗೂ ಹೇಳುತ್ತಾರೆ. ಕಥೆ ನಿಜವಿರಲಿ, ಬಿಡಲಿ, ಹಸಿವು ಕಂಡವನಿಗೆ ಆ ಪ್ರಶ್ನೆ ಅರ್ಥವಾಗುತ್ತದೆ. ಆದರೆ ಅರ್ಥವಾದರೆ ಸಾಕೇ? ಸರಕಾರದ ಹಣಕ್ಕೆ ಊರವರ ಪಾಲನ್ನು ಸೇರಿಸಿ, ಸಾವಿರಾರು ಶಾಲೆಗಳಲ್ಲಿ ದಿನವೂ ಒಲೆ ಉರಿಯುವ ಹಾಗೆ ಮಾಡಲು ಕಡತ, ಲೆಕ್ಕ, ಅಧಿಕಾರಿ ಎಲ್ಲವೂ ಬೇಕು. ಕಾಮರಾಜರಿಗೆ ಅದು ಗೊತ್ತಿತ್ತು. ತನಗೆ ಬಾರದ್ದನ್ನು ಬಲ್ಲವನ ಕೈಗೆ ಕೊಡಬೇಕೆಂಬುದೂ ಗೊತ್ತಿತ್ತು. ನೆಹರೂ ತೀರಿಕೊಂಡ 1964ರಲ್ಲಿ, ಶಾಸ್ತ್ರಿಯವರು ತೀರಿಕೊಂಡ 1966ರಲ್ಲಿ ಪ್ರಧಾನಿಯ ಆಯ್ಕೆಗೆ ನೇತೃತ್ವ ವಹಿಸಿದವರು ಅವರೇ. ಆ ಕುರ್ಚಿಯಲ್ಲಿ ತಾನು ಕೂರಲು ಮಾತ್ರ ಒಪ್ಪಲಿಲ್ಲ. ಹಿಂದಿಯಾಗಲಿ ಇಂಗ್ಲಿಷಾಗಲಿ ಸರಿಯಾಗಿ ಬಾರದವನಿಗೆ ಅದು ಸಲ್ಲದೆಂದು ಅವರ ಎಣಿಕೆ.

ಇನ್ನೊಂದು ವಿಷಯ. ಕಾಮರಾಜ್ ಸಿಹಿ ಮಾತಿನವರಲ್ಲ. ಅರ್ಜಿ ಹಿಡಿದು ಬಂದವರಿಗೆಲ್ಲ ಅವರ ಉತ್ತರ ಒಂದೇ ಪದ: "ಪಾರ್ಕಲಾಂ", ಎಂದರೆ "ನೋಡೋಣ". ಆಗುತ್ತದೆ ಎಂದೂ ಇಲ್ಲ, ನಾನಿದ್ದೇನಲ್ಲ ಎಂದೂ ಇಲ್ಲ. ನಮ್ಮ ತಂದೆ ಉದ್ರಿ ಕೇಳಿ ಬಂದವರಿಗೆ ಇದೇ ಪದ ಬಳಸುತ್ತಿದ್ದರು, ಮದ್ರಾಸಿನಿಂದ ಕಲಿತು ಬಂದದ್ದು.

ಇಂಥ ಮನುಷ್ಯನನ್ನು 1967ರಲ್ಲಿ ಸ್ವಂತ ಊರು ವಿರುದುನಗರವೇ ಸೋಲಿಸಿತು. ಗೆದ್ದವ ದ್ರಾವಿಡ ಮುನ್ನೇತ್ರ ಕಳಗಂನ ಒಬ್ಬ ವಿದ್ಯಾರ್ಥಿ ಮುಖಂಡ, ಪಿ. ಶ್ರೀನಿವಾಸನ್. ಅಂತರ ಒಂದೂವರೆ ಸಾವಿರ ಮತಕ್ಕಿಂತ ಕಡಿಮೆ. ಇದನ್ನು ಕೃತಘ್ನತೆ ಎಂದು ಬರೆದವರಿದ್ದಾರೆ. ನಾನು ಹಾಗೆನ್ನಲಾರೆ. 1963ರಲ್ಲಿ ಅವರು ತಾವಾಗಿ ಅಧಿಕಾರ ಬಿಟ್ಟ ಮೇಲೆ ಅವರ ಪಕ್ಷದ ಸರಕಾರ ಅಕ್ಕಿಯನ್ನು ಹೊಂದಿಸಲಾರದೆ ಹೋಯಿತು, 1965ರ ಹಿಂದಿ ವಿರೋಧಿ ಚಳವಳಿಯಲ್ಲಿ ಹುಡುಗರ ಮೇಲೆ ಗುಂಡು ಹಾರಿತು. ಜನ ಅಂಗಡಿಯ ಮುಂದೆ ಸಾಲು ನಿಂತು ಲೆಕ್ಕ ಹಾಕಿದರು. ಆಚೆಯವರು ರೂಪಾಯಿಗೆ ಮೂರು ಪಡಿ ಅಕ್ಕಿ ಎಂದರು, ಗೆದ್ದ ಮೇಲೆ ಕೊಡಲಾದದ್ದು ಒಂದು ಪಡಿ, ಅದೂ ಎಲ್ಲೆಡೆ ಅಲ್ಲ. ಅದು ಬೇರೆ ಮಾತು. ನಮ್ಮವನೆಂಬ ಕಾರಣಕ್ಕೆ ಲೆಕ್ಕ ಮುಚ್ಚಿಡದ ಆ ಊರಿನ ವ್ಯಾಪಾರಿಗಳ ಬಗ್ಗೆ ನನಗೆ ಒಳಗೊಳಗೇ ಗೌರವವಿದೆ, ಸೋತ ಮನುಷ್ಯನ ಬಗ್ಗೆ ಅದಕ್ಕಿಂತ ಹೆಚ್ಚು ಗೌರವವಿದ್ದರೂ. ವಿಚಿತ್ರ ನೋಡಿ, ಆ ಚುನಾವಣೆಯಲ್ಲಿ ವಿರೋಧಿಗಳ ಕೂಟದಲ್ಲಿದ್ದವರು ರಾಜಾಜಿ. ನಾಲ್ಕೇ ವರ್ಷದ ಮೇಲೆ, 1971ರಲ್ಲಿ, ರಾಜಾಜಿ ಮತ್ತು ಕಾಮರಾಜ್ ಒಂದೇ ವೇದಿಕೆ ಹತ್ತಿದರು, ಸೋತರು.

ಆಂಧ್ರದ ಕಡೆಯ ಓದುಗರು ತಮ್ಮ ಉದಾಹರಣೆ ಕಾದಿರುತ್ತಾರೆ. ಹೈದರಾಬಾದಿಗೆ ಕಂಪ್ಯೂಟರು ತಂದ ಮುಖ್ಯಮಂತ್ರಿ ಎಂದು ಹೊರಗಿನವರೆಲ್ಲ ಹೊಗಳುತ್ತಿದ್ದ ಚಂದ್ರಬಾಬು ನಾಯ್ಡು ಅವರ ಪಕ್ಷ 2004ರಲ್ಲಿ 294ರಲ್ಲಿ 47 ಸ್ಥಾನಕ್ಕೆ ಇಳಿಯಿತು. ಬರಗಾಲದ ಹಳ್ಳಿಗಳನ್ನು ಹಿಂದಿನ ಬೇಸಿಗೆಯಲ್ಲಿ ಸುಮಾರು 1,500 ಕಿಲೋಮೀಟರು ನಡೆದು ನೋಡಿದ್ದ ರಾಜಶೇಖರ ರೆಡ್ಡಿಯವರು ಗೆದ್ದರು, ಮೊದಲ ದಿನವೇ ರೈತರ ಉಚಿತ ವಿದ್ಯುತ್ತಿನ ಕಡತಕ್ಕೆ ಸಹಿ ಹಾಕಿದರು. ಎಂಟು ವರ್ಷ ಕಳೆದು, 2012ರ ಅಕ್ಟೋಬರ್ 2ರಂದು, ಮಡಕಶಿರಾದ ಪಕ್ಕದ ಹಿಂದೂಪುರದಿಂದ ನಡೆಯಲು ಹೊರಟವರು ಯಾರು? ಅದೇ ನಾಯ್ಡು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದರು, 2014ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಬಲ್ಲವನೂ ಜನರನ್ನು ನಡೆದೇ ಕಲಿಯಬೇಕು ಎಂದು ಇದಕ್ಕೆ ಅರ್ಥ ಹೇಳಬಹುದು, ನಡಿಗೆಯೂ ಈಗ ಚುನಾವಣೆಯ ಒಂದು ವೇಷ ಎಂದೂ ಹೇಳಬಹುದು. ರಾಯದುರ್ಗದ ಬಂಧುಗಳು ಪತ್ರ ಬರೆದು ತಿಳಿಸಲಿ.

ನಮ್ಮಂಥ ಗಡಿಯವರಿಗೆ ಈ ಪ್ರಶ್ನೆ ಇನ್ನಷ್ಟು ಕಠಿಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನವರು ಮರಾಠಿಯ ನಡುವೆ, ನಾವು ಮಲಯಾಳದ ನಡುವೆ. ಅದರೊಳಗೂ ನಮ್ಮ ಸಮಾಜದವರು ಬೆರಳೆಣಿಕೆಯ ಮನೆಗಳು. ಭಾಷೆಯಿಂದ, ಧರ್ಮದಿಂದ, ಕಸುಬಿನಿಂದ ನಮ್ಮವನೇ ಆದ ನಾಯಕನನ್ನು ಕಾಯುತ್ತ ಕೂತರೆ ಮೊಮ್ಮಕ್ಕಳ ಕಾಲಕ್ಕೂ ಸಿಗಲಿಕ್ಕಿಲ್ಲ. 2021ರಲ್ಲಿ ಮಂಜೇಶ್ವರದ ಶಾಸಕರು ತಿರುವನಂತಪುರದ ಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ನಮಗೆಲ್ಲ ಸಂತೋಷವಾಯಿತು, ಆಗಬೇಕಾದದ್ದೇ. ಅದರಾಚೆ ಇನ್ನೊಂದು ಕೆಲಸವಿದೆ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರೇ ಬರಬೇಕೆಂದು ಕಡತದ ಹಿಂದೆ ಬಿದ್ದು, ಪಬ್ಲಿಕ್ ಸರ್ವಿಸ್ ಕಮಿಷನ್ನಿನ ಪಟ್ಟಿ ಓದಿ, ನಿಯಮದ ಪುಸ್ತಕ ಹಿಡಿದು ಕೇಳುವ ಕೆಲಸ. ಅದನ್ನು ಕನ್ನಡ ಬಾರದವರೂ ಮಾಡಬಲ್ಲರು, ಕನ್ನಡ ಬಲ್ಲವರೂ ಮಾಡದಿರಬಲ್ಲರು. ನನ್ನ ಮಟ್ಟಿಗೆ ಇದು ಊಹೆಯ ಮಾತಲ್ಲ, ಮೋರಿಯ ವಿಷಯದಲ್ಲಿ ಕಂಡದ್ದು.

2020ರ ಡಿಸೆಂಬರಿನಲ್ಲಿ ಮತ್ತೆ ಪಂಚಾಯತಿ ಚುನಾವಣೆ ಬಂತು. ಕೇರಳದಲ್ಲಿ 2010ರ ಚುನಾವಣೆಯಿಂದ ಅರ್ಧ ಸ್ಥಾನಗಳು ಮಹಿಳೆಯರಿಗೆ, ವಾರ್ಡುಗಳು ಸರದಿಯಂತೆ ತಿರುಗುತ್ತವೆ. ನಮ್ಮ ವಾರ್ಡು ಈ ಸಲ ಮಹಿಳೆಯರಿಗೆ ಬಂತು. ಆ ಶಿಕ್ಷಕಿ ಮತ್ತೆ ನಿಂತರು, ಗೆದ್ದರು. ನಮಗೆ ಬುದ್ಧಿ ಬಂದು ಆರಿಸಿದೆವೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ, ಚಕ್ರ ತಿರುಗಿತು ಅಷ್ಟೆ.

ಗೆದ್ದ ಕೆಲವು ತಿಂಗಳಿಗೆ ನಾನು ಅವರ ಮನೆಗೆ ಹೋದೆ, ಮೋರಿಯ ಅಳಲು ಹೇಳಲು. ಅವರು ಒಂದು ರಿಜಿಸ್ಟರಿನ ನಕಲು ತೆಗೆದು ಮುಂದಿಟ್ಟರು. ಹಿಂದಿನ ಐದು ವರ್ಷದ ಗ್ರಾಮಸಭೆಗಳ ಹಾಜರಿ. ಗ್ರಾಮಸಭೆ ನಡೆಯಬೇಕಾದರೆ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿಯಾದರೂ ಇರಬೇಕೆಂದು ನಿಯಮ. ರಿಜಿಸ್ಟರಿನಲ್ಲಿ ಕೋರಂ ಭರ್ತಿ ಇತ್ತು. ಒಂದು ಸಾಲಿನಲ್ಲಿ ಬೆರಳಿಟ್ಟು, "ಇದು ನಿಮ್ಮ ಸಹಿಯೇ?" ಎಂದು ಕೇಳಿದರು. ನನ್ನದೇ. ಕೆಳಗೆ ತಮ್ಮನದು, ಅದರ ಕೆಳಗೆ ಮಗನದು. "ಆ ದಿನ ಸಭೆಯಲ್ಲಿ ನೀವು ಮೋರಿಯ ವಿಷಯ ಹೇಳಿದಿರಾ?"

ನಾನು ಸಭೆಗೆ ಹೋಗಿರಲಿಲ್ಲ. ಯಾವ ಸಭೆಗೂ ಹೋಗಿರಲಿಲ್ಲ. ನಮ್ಮವ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬರುತ್ತಿದ್ದ, "ಅಣ್ಣಾ, ಒಂದು ಸಹಿ" ಎನ್ನುತ್ತಿದ್ದ, ನಾನು ತಕ್ಕಡಿಯಿಂದ ಕಣ್ಣೆತ್ತದೆ ಹಾಕುತ್ತಿದ್ದೆ. ಗುಮಾಸ್ತ ತಂದ ನೂರು ರೂಪಾಯಿಯ ವೋಚರನ್ನು ಎರಡು ಸಲ ಓದುವ ನಾನು ಆ ರಿಜಿಸ್ಟರಿನ ಒಂದು ಪುಟವನ್ನೂ ಓದಿರಲಿಲ್ಲ. ಅಪರಿಚಿತನಾಗಿದ್ದರೆ ಓದುತ್ತಿದ್ದೆ. ಮನೆಯವನೆಂದು ಓದಲಿಲ್ಲ. ಅವನಿಗೆ ಕೆಲಸ ಬಾರದಿದ್ದುದು ಅವನ ಕೊರತೆ ಸರಿ, ಅದು ಐದು ವರ್ಷ ನನ್ನ ಕಣ್ಣಿಗೆ ಬೀಳದೆ ಹೋದದ್ದಕ್ಕೆ ಕಾರಣ ಅವನು ನನ್ನ ತಂದೆಯ ಚಟ್ಟಕ್ಕೆ ಕೊಟ್ಟ ಹೆಗಲು. ಆ ಋಣ ನನ್ನದು, ನನ್ನ ಮನೆಯದು. ಅದನ್ನು ನಾನು ವಾರ್ಡಿನ ಸಾವಿರ ಜನರ ಮೋರಿಯಿಂದ ತೀರಿಸಿದ್ದೆ.

ಟೀಚರು ಮೊದಲ ಗ್ರಾಮಸಭೆಯನ್ನು ಸಂಜೆ ಐದೂವರೆಗೆ ಇಟ್ಟರು, ಕೆಲಸಕ್ಕೆ ಹೋದವರು ಬರಲೆಂದು. ನಮ್ಮ ಸಮಾಜದ ಮನೆಗಳಿಂದ ಒಬ್ಬರೂ ಹೋಗಲಿಲ್ಲ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಗಳು, ಹೆಂಗಸರು ಆ ಹೊತ್ತಿಗೆ ಅಡುಗೆಮನೆ ಬಿಟ್ಟು ಹೇಗೆ ಹೋಗಬೇಕು? ನಮ್ಮವನಿಗೆ ಇದು ಹೇಳದೆಯೇ ಗೊತ್ತಿತ್ತು, ಟೀಚರಿಗೆ ಗೊತ್ತಿರಲಿಲ್ಲ. ಆದರೆ ಅವರು ಮರುದಿನ ಬಂದು "ನೀವು ಯಾರೂ ಏಕೆ ಬರಲಿಲ್ಲ" ಎಂದು ನಮ್ಮ ಮನೆಯಾಕೆಯನ್ನೇ ಕೇಳಿದರು. ಕಾರಣ ತಿಳಿದು ಡೈರಿಯಲ್ಲಿ ಬರೆದುಕೊಂಡರು. ಮುಂದಿನ ಸಭೆ ಮಧ್ಯಾಹ್ನ ಮೂರಕ್ಕೆ, ಭಾನುವಾರ. ನಮ್ಮ ಮನೆಯಿಂದ ಐದು ಮಂದಿ ಹೋದೆವು. ನಾನು ಎದ್ದು ನಿಂತು ಮೋರಿಯ ವಿಷಯ ಹೇಳಿದೆ, ಹರಕು ಮುರಕು ಮಲಯಾಳದಲ್ಲಿ. ಅರುವತ್ತು ದಾಟಿದ ಮೇಲೆ ಜೀವಮಾನದ ಮೊದಲ ಗ್ರಾಮಸಭೆ.

ಮೋರಿಗೆ ಎರಡು ವರ್ಷ ಹಿಡಿಯಿತು. ಮೊದಲ ವರ್ಷ ಟೆಂಡರಿಗೆ ಯಾರೂ ಬರಲಿಲ್ಲ, ದರ ಸಾಲದೆಂದು. ಟೀಚರು ಅಂದಾಜನ್ನು ಮತ್ತೆ ಮಾಡಿಸಿದರು, ಹಣ ಮುಂದಿನ ವರ್ಷಕ್ಕೆ ಸಾಗುವಂತೆ ನೋಡಿಕೊಂಡರು. ಕೆಲಸ ನಡೆಯುವಾಗ ಸಿಮೆಂಟು ಕಲಸುವುದನ್ನು ನಿಂತು ನೋಡಿದರು. ಈಗಲೂ ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ. ಜಂಭವಲ್ಲ, ಸಕ್ಕರೆ ಕಾಯಿಲೆ ಎಂದು ಮೊನ್ನೆ ತಿಳಿಯಿತು.

ನಮ್ಮವನ ಮೇಲೆ ನನಗೆ ಸಿಟ್ಟಿಲ್ಲ. ಕಳೆದ ವರ್ಷ ನನ್ನ ಕಿರಿಯ ಮಗಳ ಮದುವೆ. ಹಿಂದಿನ ದಿನವೇ ಬಂದ, ತೆಂಗಿನ ಗರಿ ಕಟ್ಟಿಸಿದ, ಬಡಿಸುವ ಹುಡುಗರನ್ನು ಗದರಿಸಿದ, ಮದುಮಗಳನ್ನು ಕಳಿಸಿಕೊಡುವಾಗ ನನಗಿಂತ ಹೆಚ್ಚು ಅತ್ತ. ಅವನಿಲ್ಲದೆ ಆ ಮದುವೆ ಅಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲ. ಕೊನೆಯ ಪಂಕ್ತಿಯಲ್ಲಿ ಅವನು ಊಟಕ್ಕೆ ಕೂತಾಗ ನಾನೇ ಬಡಿಸಿದೆ. ಎರಡನೆಯ ಹೋಳಿಗೆ ಹಾಕುವಾಗ ಕೈ ಹಿಡಿದು ಕೆಳದನಿಯಲ್ಲಿ ಕೇಳಿದ, "ಅಣ್ಣಾ, ಇನ್ನೊಂದು ಸಲ ನಿಲ್ಲೋಣ ಅಂತಿದ್ದೇನೆ. ನಿಮ್ಮ ಮನೆಯ ಮತ ನನಗೇ ಅಲ್ಲವಾ?"

ಹೋಳಿಗೆಯ ಮೇಲೆ ತುಪ್ಪ ಹಾಕಿ, "ಪಾರ್ಕಲಾಂ" ಎಂದೆ. ಅವನಿಗೆ ತಮಿಳು ಬಾರದು. ಹೂಂ ಎಂದ ಹಾಗೆ ಕೇಳಿಸಿರಬೇಕು, ಸಂತೋಷದಿಂದ ಊಟ ಮುಂದುವರಿಸಿದ.